ಅಳತೆಯಿಲ್ಲದ ಬೆಳಕಿಗೆ ಬೆಲೆ ಕಟ್ಟುವವರು ಯಾರು?

(ಆರೋಗ್ಯ ಮತ್ತು ಕಾನೂನು ಕುರಿತ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವೈದ್ಯಕೀಯ ಉಪಕರಣಗಳ ಬೆಲೆ ಮತ್ತು ಗುಣಮಟ್ಟದ ಕುರಿತು ನಮ್ಮ ಕಾನೂನು ಏನು ಹೇಳುತ್ತದೆ ಎಂಬ ವಿಷಯವನ್ನು ಈ ಸಭೆಯಲ್ಲಿ ನಮಗೆ ಒಪ್ಪಿಸಲಾಗಿದೆ. ವಿಷಯ ವಿಶಾಲವಾದುದು. ಎಲ್ಲವನ್ನೂ ಮುಟ್ಟಹೋಗಿ ಯಾವುದನ್ನೂ ಹೇಳದೆ ಕುಳಿತುಕೊಳ್ಳುವುದಕ್ಕಿಂತ ಒಂದೇ ಒಂದು ಉಪಕರಣವನ್ನು ಮುಂದಿಟ್ಟುಕೊಂಡು ಮಾತನಾಡುವುದು ಲೇಸೆಂದು ನಾವು ಭಾವಿಸಿದ್ದೇವೆ. ಇಲ್ಲಿ ಕುಳಿತಿರುವ ಅನೇಕ ತಾಯಂದಿರು ಅದನ್ನು ಬಲ್ಲರು. ಹೆರಿಗೆಯಾದ ಎರಡನೆಯ ಅಥವಾ ಮೂರನೆಯ ದಿನ ಮಗುವಿನ ಮುಖ, ಕಣ್ಣು ಹಳದಿಯಾಗುತ್ತದೆ. ವೈದ್ಯರು ನೋಡಿ, 'ಮಗುವನ್ನು ಲೈಟಿನಡಿ ಇಡಬೇಕು' ಎನ್ನುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿ, ಬರಿಮೈಯಲ್ಲಿ ಮಗುವನ್ನು ನೀಲಿ ಬೆಳಕಿನ ಕೆಳಗೆ ಮಲಗಿಸಲಾಗುತ್ತದೆ. ನಾವು ಮಾತನಾಡಬಯಸುವುದು ಆ ಬೆಳಕಿನ ಯಂತ್ರದ ಬಗ್ಗೆ.

ಈ ವಿಷಯ ನಮಗೆ ಪುಸ್ತಕದಿಂದ ಬಂದುದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ತಂಗಿಯ ಚೊಚ್ಚಲ ಮಗುವಿಗೆ ಕಾಮಾಲೆ ಕಾಣಿಸಿಕೊಂಡಿತು. ಪಟ್ಟಣದ ಒಂದು ನರ್ಸಿಂಗ್ ಹೋಮಿನಲ್ಲಿ ಮೂರು ದಿನ, ಮೂರು ರಾತ್ರಿ ಮಗುವನ್ನು ಬೆಳಕಿನಡಿ ಇಡಲಾಯಿತು. ಪ್ರತಿದಿನ ಹಿಮ್ಮಡಿಯಿಂದ ರಕ್ತ ತೆಗೆದು ಪರೀಕ್ಷಿಸಿದರೂ ಅಂಕಿ ಇಳಿಯಲಿಲ್ಲ. ಕೊನೆಗೆ ರಕ್ತವನ್ನೇ ಬದಲಾಯಿಸಬೇಕಾದೀತು ಎಂಬ ಮಾತು ಬಂದಾಗ ಮಗುವನ್ನು ಎತ್ತಿಕೊಂಡು ಜಿಲ್ಲಾ ಆಸ್ಪತ್ರೆಗೆ ಧಾವಿಸಿದೆವು. ಅಲ್ಲಿನ ನವಜಾತ ಶಿಶು ಘಟಕದಲ್ಲಿ ಒಂದೇ ರಾತ್ರಿಯಲ್ಲಿ ಅಂಕಿ ಇಳಿಯತೊಡಗಿತು. ಹಾಗಾದರೆ ಮೂರು ದಿನ ನಡೆದುದೇನು ಎಂದು ಕೇಳಿದೆವು. ಕರ್ತವ್ಯದಲ್ಲಿದ್ದ ವೈದ್ಯೆ ಶಾಂತವಾಗಿ, 'ಅಲ್ಲಿಯ ಟ್ಯೂಬುಗಳು ಹಳತಾಗಿದ್ದಿರಬಹುದು. ಉರಿಯುತ್ತವೆ, ಆದರೆ ಕೆಲಸ ಮಾಡುವುದಿಲ್ಲ' ಎಂದರು.

ನರ್ಸಿಂಗ್ ಹೋಮಿನ ಬಿಲ್ಲು ಇಂದಿಗೂ ನಮ್ಮಲ್ಲಿದೆ. ಬೆಳಕಿನ ಚಿಕಿತ್ಸೆಗೆ ಗಂಟೆಯ ಲೆಕ್ಕದಲ್ಲಿ ಹಣ ಪಡೆಯಲಾಗಿದೆ. ಎಷ್ಟು ಗಂಟೆ ಎಂಬುದು ಅದರಲ್ಲಿದೆ. ಎಷ್ಟು ಬೆಳಕು ಎಂಬುದು ಇಲ್ಲ. ಯಾರೂ ಅಳೆಯದ ವಸ್ತುವಿಗೆ ನಾವು ಬೆಲೆ ತೆತ್ತೆವು. ಮಗು ಉಳಿಯಿತು, ಇಂದು ಶಾಲೆಗೆ ಹೋಗುತ್ತಿದೆ. ಆದರೆ ಆ ರಾತ್ರಿ ವಾಹನ ಸಿಗದೇ ಹೋಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಮಾತ್ರ ನಮ್ಮನ್ನು ಬಿಟ್ಟಿಲ್ಲ.

ಒಬ್ಬ ದಾದಿಯ ಕಣ್ಣು

ಈ ಚಿಕಿತ್ಸೆ ಹುಟ್ಟಿದ ಬಗೆಯೇ ಒಂದು ಪಾಠ. 1950ರ ದಶಕದಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬ ದಾದಿ ಅಕಾಲದಲ್ಲಿ ಹುಟ್ಟಿದ ಶಿಶುಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದರು. ತಾಜಾ ಗಾಳಿ, ಬಿಸಿಲು ಒಳ್ಳೆಯದೆಂಬ ನಂಬಿಕೆಯಿಂದ ಅವರು ಮಕ್ಕಳನ್ನು ಅಂಗಳಕ್ಕೆ ಒಯ್ಯುತ್ತಿದ್ದರು. ಒಂದು ದಿನ ಅವರು ವೈದ್ಯರಿಗೆ ಒಂದು ಮಗುವನ್ನು ತೋರಿಸಿದರು. ಅದರ ಮೈಯ ಹಳದಿ ಬಹುಮಟ್ಟಿಗೆ ಮಾಸಿತ್ತು. ಹೊದಿಕೆಯ ಮೂಲೆಯೊಂದು ಮುಚ್ಚಿಕೊಂಡಿದ್ದ ಭಾಗ ಮಾತ್ರ ಗಾಢ ಹಳದಿಯಾಗಿಯೇ ಉಳಿದಿತ್ತು. ಬಿಸಿಲು ಬಿದ್ದ ಕಿಟಕಿಯ ಬಳಿ ಉಳಿದಿದ್ದ ರಕ್ತದ ಮಾದರಿಯಲ್ಲಿಯೂ ಹಳದಿ ಅಂಶ ಕಡಿಮೆಯಾಗಿದ್ದುದು ಕಂಡುಬಂತು. ಡಾ. ರಿಚರ್ಡ್ ಕ್ರೆಮರ್ ಮತ್ತು ಸಂಗಡಿಗರು ಇದರ ಜಾಡು ಹಿಡಿದು ದೀಪದ ಯಂತ್ರವೊಂದನ್ನು ರೂಪಿಸಿ, 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು.

ಹಳದಿ ಬಣ್ಣದ ಆ ವಸ್ತುವಿನ ಹೆಸರು ಬಿಲಿರುಬಿನ್. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಅದು ಉಂಟಾಗುತ್ತದೆ. ಬೆಳೆದವರ ಯಕೃತ್ತು ಅದನ್ನು ಸಂಸ್ಕರಿಸಿ ಹೊರಹಾಕುತ್ತದೆ. ಹುಟ್ಟಿದ ಮಗುವಿನ ಯಕೃತ್ತಿಗೆ ಆ ಶಕ್ತಿ ಇನ್ನೂ ಪೂರ್ಣವಾಗಿ ಬಂದಿರುವುದಿಲ್ಲ. ಆದ್ದರಿಂದ ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ಸುಮಾರು ಶೇ. 60ರಷ್ಟು, ಅವಧಿಗೆ ಮುನ್ನ ಹುಟ್ಟಿದವರಲ್ಲಿ ಸುಮಾರು ಶೇ. 80ರಷ್ಟು ಮಕ್ಕಳಿಗೆ ಮೊದಲ ವಾರದಲ್ಲಿ ಕಾಮಾಲೆ ಕಾಣಿಸುತ್ತದೆ. ಹೆಚ್ಚಿನವರಲ್ಲಿ ಅದು ತಾನಾಗಿ ಇಳಿಯುತ್ತದೆ. ಕೆಲವರಲ್ಲಿ ಏರುತ್ತಾ ಹೋಗಿ ಮಿದುಳನ್ನು ತಲಪುತ್ತದೆ. ಹಾಗಾದರೆ ಸಾವು ಸಂಭವಿಸಬಹುದು. ಬದುಕುಳಿದರೆ ಕಿವುಡುತನ, ಕೈಕಾಲುಗಳು ಸ್ವಾಧೀನ ತಪ್ಪುವ ಆಜೀವ ವೈಕಲ್ಯ ಕಾದಿರುತ್ತದೆ. ಅದನ್ನು ತಡೆಯುವ ಸುಲಭ ಮಾರ್ಗವೇ ಬೆಳಕು. ಚರ್ಮದ ಮೇಲೆ ಬೀಳುವ ನೀಲಿ ಬೆಳಕು ಬಿಲಿರುಬಿನ್ನಿನ ರೂಪವನ್ನು ಬದಲಿಸುತ್ತದೆ. ಬದಲಾದ ರೂಪವು ಯಕೃತ್ತಿನ ಸಂಸ್ಕರಣೆಗೆ ಕಾಯದೆ ಪಿತ್ತರಸ ಮತ್ತು ಮೂತ್ರದ ಮೂಲಕ ಹೊರಹೋಗುತ್ತದೆ.

ಆದರೆ ಎಲ್ಲ ಬೆಳಕೂ ಔಷಧಿಯಲ್ಲ. ಔಷಧಿಗೆ ಹೇಗೆ ಮಿಲಿಗ್ರಾಮಿನ ಲೆಕ್ಕವಿದೆಯೋ ಹಾಗೆಯೇ ಈ ಬೆಳಕಿಗೂ ಲೆಕ್ಕವಿದೆ. 460ರಿಂದ 490 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕು ಬೇಕು. ತೀವ್ರ ಚಿಕಿತ್ಸೆಗಾದರೆ ಮಗುವಿನ ಚರ್ಮದ ಒಂದು ಚದರ ಸೆಂಟಿಮೀಟರಿನ ಮೇಲೆ, ಪ್ರತಿ ನ್ಯಾನೋಮೀಟರಿಗೆ ಕನಿಷ್ಠ 30 ಮೈಕ್ರೋವ್ಯಾಟ್ ಬೀಳಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2004ರಲ್ಲಿ ಹೇಳಿ 2022ರಲ್ಲಿಯೂ ಅದನ್ನೇ ಎತ್ತಿಹಿಡಿದಿದೆ. ದೀಪವು ಮಗುವಿನಿಂದ ದೂರವಾದಂತೆ ಈ ಪ್ರಮಾಣ ಇಳಿಯುತ್ತದೆ. ಟ್ಯೂಬ್ ದೀಪಗಳಲ್ಲಿ ಗಂಟೆಗಳು ಕಳೆದಂತೆ ಶಕ್ತಿ ಕುಂದುತ್ತದೆ. ಎಲ್‌ಇಡಿ ದೀರ್ಘಕಾಲ ಬಾಳುತ್ತದಾದರೂ ಅದೂ ಶಾಶ್ವತವಲ್ಲ. ಇಲ್ಲಿ ಅಪಾಯಕಾರಿಯಾದ ಸಂಗತಿಯೆಂದರೆ, ಕುಂದಿದ ದೀಪವೂ ನಮ್ಮ ಕಣ್ಣಿಗೆ ನೀಲಿಯಾಗಿ, ಪ್ರಕಾಶಮಾನವಾಗಿಯೇ ಕಾಣುತ್ತದೆ. ತಂದೆತಾಯಿಗಾಗಲಿ, ದಾದಿಗಾಗಲಿ, ಸ್ವತಃ ವೈದ್ಯರಿಗಾಗಲಿ ಬರಿಗಣ್ಣಿನಿಂದ ಅದು ತಿಳಿಯದು. ಅದಕ್ಕೆ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಮೀಟರ್ ಇದೆ. ಅದನ್ನು ಮಗು ಮಲಗುವ ಜಾಗದಲ್ಲಿ ಇಟ್ಟು ಅಳೆಯಬೇಕು.

ಕಾರ್ಖಾನೆಯ ಬಾಗಿಲವರೆಗಿನ ಕಾನೂನು

ಈಗ ಕಾನೂನಿನ ಕಡೆಗೆ ಬರೋಣ. ನಮ್ಮ ದೇಶದಲ್ಲಿ ಬಹುಕಾಲ ಕೆಲವೇ ವೈದ್ಯಕೀಯ ಉಪಕರಣಗಳು ಕಾನೂನಿನ ಕಣ್ಣಿಗೆ ಬಿದ್ದಿದ್ದವು. 2017ರಲ್ಲಿ ವೈದ್ಯಕೀಯ ಉಪಕರಣಗಳ ನಿಯಮಗಳು ರಚನೆಯಾಗಿ 2018ರ ಜನವರಿ 1ರಿಂದ ಜಾರಿಗೆ ಬಂದವು. 2020ರ ಫೆಬ್ರವರಿಯ ಅಧಿಸೂಚನೆಯ ಮೂಲಕ, ಅದೇ ವರ್ಷದ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಉಪಕರಣಗಳನ್ನು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯಡಿ 'ಔಷಧ'ಗಳೆಂದೇ ಪರಿಗಣಿಸಲಾಯಿತು. ಅಪಾಯದ ಪ್ರಮಾಣಕ್ಕನುಗುಣವಾಗಿ ಅವುಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ. ಮೊದಲ ಎರಡು ವರ್ಗಗಳಿಗೆ 2022ರ ಅಕ್ಟೋಬರ್‌ನಿಂದ, ಉಳಿದೆರಡಕ್ಕೆ 2023ರ ಅಕ್ಟೋಬರ್‌ನಿಂದ ಪರವಾನಗಿ ಕಡ್ಡಾಯವಾಯಿತು. ಭಾರತೀಯ ಮಾನಕ ಸಂಸ್ಥೆಯ ಅಥವಾ ಅಂತಾರಾಷ್ಟ್ರೀಯ ಮಾನದಂಡಗಳಿಗೆ ಅನುಗುಣವಾಗಿಯೇ ಉಪಕರಣ ತಯಾರಾಗಬೇಕು. ಶಿಶುಗಳ ಬೆಳಕಿನ ಯಂತ್ರಕ್ಕೆಂದೇ ಪ್ರತ್ಯೇಕ ಅಂತಾರಾಷ್ಟ್ರೀಯ ಮಾನದಂಡವೂ ಇದೆ.

ಇದು ಸ್ವಾಗತಾರ್ಹ ಬದಲಾವಣೆ, ಸಂದೇಹವಿಲ್ಲ. ಆದರೆ ಈ ನಿಯಮಗಳ ದೃಷ್ಟಿ ತಯಾರಿಕೆ, ಆಮದು ಮತ್ತು ಮಾರಾಟದ ಮೇಲಿದೆ. ಯಂತ್ರವು ಕಾರ್ಖಾನೆಯಿಂದ ಹೊರಡುವಾಗ ಸರಿಯಾಗಿತ್ತೇ ಎಂದು ಅವು ಕೇಳುತ್ತವೆ. ಐದು ವರ್ಷದ ಬಳಿಕ, ಬದಲಾಯಿಸದ ದೀಪಗಳೊಂದಿಗೆ, ಧೂಳು ಹಿಡಿದು, ಒಂದು ಮಗುವಿನ ಮೇಲೆ ಅದು ಎಷ್ಟು ಬೆಳಕು ಚೆಲ್ಲುತ್ತಿದೆ ಎಂದು ಆಸ್ಪತ್ರೆಗೆ ಬಂದು ಕೇಳುವವರು ಯಾರು?

ಹೀಗೆ ಕೇಳುವುದು ಅಸಾಧ್ಯವೆಂದು ಯಾರೂ ಹೇಳುವಂತಿಲ್ಲ. ಎಕ್ಸ್‌ರೇ ಯಂತ್ರವಿರುವ ಆಸ್ಪತ್ರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಪಡೆಯಬೇಕು, ಯಂತ್ರವನ್ನು ಕಾಲಕಾಲಕ್ಕೆ ಪರೀಕ್ಷೆಗೊಳಪಡಿಸಬೇಕು. ಅಷ್ಟೇಕೆ? ನಮ್ಮ ಪೇಟೆಯ ಮಾಂಸದಂಗಡಿಯ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಪೆಟ್ರೋಲ್ ಪಂಪಿಗೆ ಮುದ್ರೆ ಬೇಕು. ಆಟೋರಿಕ್ಷಾದ ಮೀಟರಿಗೆ ಮುದ್ರೆ ಬೇಕು. ಅರ್ಧ ಕಿಲೋ ಮಾಂಸದಲ್ಲಿ ಐವತ್ತು ಗ್ರಾಂ ಕಡಿಮೆಯಾದರೆ ಕಾನೂನು ಎದ್ದು ನಿಲ್ಲುತ್ತದೆ. ಮಗುವಿನ ಮಿದುಳನ್ನು ಉಳಿಸಬೇಕಾದ ಬೆಳಕಿನಲ್ಲಿ ಅರ್ಧಕ್ಕರ್ಧ ಕಡಿಮೆಯಾದರೆ ಯಾವ ಮುದ್ರೆಯೂ ಬೇಡವೇ?

ಬೆಲೆಯ ನಿಯಂತ್ರಣ ತಲಪದ ಜಾಗ

ಇನ್ನು ಬೆಲೆ. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಹೃದಯದ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ನಿಗದಿ ಮಾಡಿದುದು ನಿಮಗೆ ನೆನಪಿರಬಹುದು. ಬರಿಯ ಲೋಹದ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ. ಅದರ ಹಿಂದೆ ಬೀರೇಂದರ್ ಸಂಗ್ವಾನ್ ಎಂಬ ವಕೀಲರು ದೆಹಲಿ ಹೈಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಿತ್ತು. ಒಬ್ಬ ನಾಗರಿಕನ ಹಟ ಎಷ್ಟು ಮಂದಿಯ ಹೊರೆಯನ್ನು ಇಳಿಸಬಲ್ಲದು ಎಂಬುದಕ್ಕೆ ಇದು ನಿದರ್ಶನ. ಅದೇ ವರ್ಷದ ಆಗಸ್ಟ್‌ನಲ್ಲಿ ಕೃತಕ ಮಂಡಿಚಿಪ್ಪಿನ ಬೆಲೆಗೂ ಮಿತಿ ಬಂತು. ಕೊರೋನಾ ಎರಡನೆಯ ಅಲೆಯ ನಂತರ, 2021ರ ಜೂನ್‌ನಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳ ಮಾರಾಟ ಲಾಭವನ್ನು ಶೇ. 70ಕ್ಕೆ ಮಿತಿಗೊಳಿಸಲಾಯಿತು. ವಿತರಕರ ಮಟ್ಟದಲ್ಲಿ ಆ ಲಾಭ ಶೇ. 198ರವರೆಗೂ ಏರಿತ್ತೆಂದು ಆಗ ಸರಕಾರವೇ ಒಪ್ಪಿಕೊಂಡಿತ್ತು. ಮರುತಿಂಗಳು ಪಲ್ಸ್ ಆಕ್ಸಿಮೀಟರ್, ರಕ್ತದೊತ್ತಡ ಮಾಪಕ, ನೆಬ್ಯುಲೈಸರ್, ಡಿಜಿಟಲ್ ಥರ್ಮಾಮೀಟರ್, ಗ್ಲುಕೋಮೀಟರ್‌ಗಳಿಗೂ ಅದೇ ಮಿತಿ ಅನ್ವಯಿಸಿತು.

ಶಿಶುಗಳ ಬೆಳಕಿನ ಯಂತ್ರಕ್ಕೆ ಇಂತಹ ವಿಶೇಷ ಮಿತಿ ಬಂದಿಲ್ಲ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಸಾಮಾನ್ಯ ನಿಯಮ ಮಾತ್ರ ಅದಕ್ಕಿದೆ. ಅದರಂತೆ, ಮುದ್ರಿತ ಗರಿಷ್ಠ ಬೆಲೆಯನ್ನು 12 ತಿಂಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಆದರೆ ಮೊದಲ ಬೆಲೆ ಎಷ್ಟಿರಬೇಕು ಎಂಬುದು ತಯಾರಕನ ಇಚ್ಛೆಗೆ ಬಿಟ್ಟದ್ದು.

ಹಾಗಾದರೆ ಬೆಳಕಿನ ಯಂತ್ರಕ್ಕೂ ಸ್ಟೆಂಟಿನಂತೆ ಬೆಲೆ ಕಟ್ಟಿದರೆ ಸಮಸ್ಯೆ ಪರಿಹಾರವಾಗುತ್ತದೆಯೇ? ಇಲ್ಲಿಯೇ ನಾವು ಸ್ವಲ್ಪ ಯೋಚಿಸಬೇಕಾಗಿದೆ. ಸ್ಟೆಂಟ್ ರೋಗಿಗೆ ಮಾರಾಟವಾಗುವ ವಸ್ತು. ಅದು ಆತನ ದೇಹದಲ್ಲಿಯೇ ಉಳಿಯುತ್ತದೆ, ಬಿಲ್ಲಿನಲ್ಲಿ ಅದನ್ನು ಪ್ರತ್ಯೇಕವಾಗಿ ನಮೂದಿಸಬೇಕೆಂಬ ಆದೇಶವೂ ಇದೆ. ಆದ್ದರಿಂದ ಬೆಲೆಯ ಮಿತಿ ನೇರವಾಗಿ ರೋಗಿಯನ್ನು ತಲಪುತ್ತದೆ. ಬೆಳಕಿನ ಯಂತ್ರವನ್ನು ಖರೀದಿಸುವುದು ಆಸ್ಪತ್ರೆ. ನಮಗೆ ಮಾರಾಟವಾಗುವುದು ಅದರ ಗಂಟೆಗಳು. ಯಂತ್ರದ ಬೆಲೆಯನ್ನು ಅರ್ಧಕ್ಕೆ ಇಳಿಸಿದರೂ ಗಂಟೆಯ ದರ ಇಳಿಯಬೇಕೆಂದೇನೂ ಇಲ್ಲ. ವಿದೇಶಿ ಯಂತ್ರಗಳು 3,000 ಡಾಲರಿಗೂ ಮಿಕ್ಕಿ ಬೆಲೆಬಾಳುತ್ತಿದ್ದಾಗ, ಅಮೆರಿಕದ ಡಿ-ರೆವ್ ಎಂಬ ಸೇವಾಸಂಸ್ಥೆ ಚೆನ್ನೈನ ಫೀನಿಕ್ಸ್ ಕಂಪೆನಿಯೊಡಗೂಡಿ 'ಬ್ರಿಲಿಯನ್ಸ್' ಎಂಬ ಎಲ್‌ಇಡಿ ಯಂತ್ರವನ್ನು ಸುಮಾರು 400 ಡಾಲರಿಗೆ ಮಾರುಕಟ್ಟೆಗೆ ತಂದಿತು. ಅಗ್ಗದ ಬೆಲೆಯಲ್ಲಿ ಒಳ್ಳೆಯ ಬೆಳಕು ಸಾಧ್ಯ ಎಂಬುದನ್ನು ಅದು ತೋರಿಸಿತು. ಆದರೆ ಯಂತ್ರ ಅಗ್ಗವಾದ ಮಾತ್ರಕ್ಕೆ ಬಡವನ ಬಿಲ್ಲು ಅಗ್ಗವಾಗುವುದಿಲ್ಲ. ಆ ಬಿಲ್ಲನ್ನು ಮುಟ್ಟಬಲ್ಲುದು ಆಸ್ಪತ್ರೆಗಳ ಕಾನೂನು ಮಾತ್ರ.

ಆಸ್ಪತ್ರೆಗಳ ಕಾನೂನು ಯಾರ ಕೈಯಲ್ಲಿದೆ? ಸಂವಿಧಾನದ ಏಳನೆಯ ಅನುಸೂಚಿಯಂತೆ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಯಲ್ಲಿವೆ. ಔಷಧಗಳು ಮತ್ತು ಬೆಲೆ ನಿಯಂತ್ರಣ ಸಮವರ್ತಿ ಪಟ್ಟಿಯಲ್ಲಿವೆ. ಎಲ್ಲವನ್ನೂ ದೆಹಲಿಯ ಮೇಲೆ ಹೊರಿಸಿ ನಮ್ಮ ಶಾಸಕರು ಕೈತೊಳೆದುಕೊಳ್ಳುವಂತಿಲ್ಲ ಎಂದರ್ಥ.

ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದಲೇ ಇದೆ. 2017ರಲ್ಲಿ ಅಂದಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಂದ ತಿದ್ದುಪಡಿ ಮಸೂದೆಯು ಖಾಸಗಿ ಆಸ್ಪತ್ರೆಗಳ ದರಗಳನ್ನು ಸರಕಾರವೇ ನಿಗದಿಪಡಿಸುವ ಉದ್ದೇಶ ಹೊಂದಿತ್ತು. ಅದೇ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರೋಗಿಗಳು ತತ್ತರಿಸಿದರು. ಕೊನೆಗೆ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾದ ಕಾಯ್ದೆಯಲ್ಲಿ, ದರ ನಿಗದಿಯ ಅಧಿಕಾರ ಸರಕಾರಿ ಆರೋಗ್ಯ ಯೋಜನೆಗಳಡಿ ಚಿಕಿತ್ಸೆ ಪಡೆಯುವವರಿಗೆ ಸೀಮಿತಗೊಂಡಿತು. ಕಿಸೆಯಿಂದ ಹಣ ಕೊಡುವ ಮಧ್ಯಮ ವರ್ಗ, ಯೋಜನೆಯ ಕಾರ್ಡಿಲ್ಲದ ಬಡವ, ಇಬ್ಬರೂ ಹೊರಗುಳಿದರು.

ಆದರೂ ಉಳಿದದ್ದು ಅಲ್ಪವೇನಲ್ಲ. ಆಸ್ಪತ್ರೆಯು ತನ್ನ ದರಪಟ್ಟಿಯನ್ನು ಪ್ರದರ್ಶಿಸಬೇಕು. ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಪಟ್ಟುಹಿಡಿಯುವಂತಿಲ್ಲ. ಹಣ ಬಾಕಿಯೆಂದು ಶವವನ್ನು ತಡೆಹಿಡಿಯುವಂತಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು. ಇಲ್ಲಿರುವವರಲ್ಲಿ ಎಷ್ಟು ಮಂದಿ ಆ ಪ್ರಾಧಿಕಾರದ ಹೆಸರು ಕೇಳಿದ್ದೀರಿ? ನಾವೂ ನಮ್ಮ ತಂಗಿಯ ಮಗುವಿನ ಪ್ರಕರಣದಲ್ಲಿ ಒಂದು ಅರ್ಜಿಯನ್ನೂ ಬರೆಯಲಿಲ್ಲ. ಪತ್ರಕರ್ತರೆನಿಸಿಕೊಂಡ ನಮ್ಮ ಸ್ಥಿತಿಯೇ ಹೀಗಾದರೆ ಉಳಿದವರ ಪಾಡೇನು?

ಬೆಲೆ ಮತ್ತು ಅಳತೆ

ರಾಜ್ಯವು ಬೆಲೆ ಕಟ್ಟಬಹುದೇ ಎಂಬ ಚರ್ಚೆ ನಮ್ಮ ಮದ್ರಸಗಳ ಪಾಠದಲ್ಲಿಯೂ ಇದೆ. ಮದೀನಾದಲ್ಲಿ ಬೆಲೆಯೇರಿಕೆಯಾದಾಗ ಬೆಲೆ ನಿಗದಿಪಡಿಸಬೇಕೆಂದು ಜನರು ಕೋರಿದರೂ, ಯಾರಿಗೂ ಅನ್ಯಾಯವಾಗಬಾರದೆಂಬ ಕಾರಣಕ್ಕೆ ಪ್ರವಾದಿವರ್ಯರು(ಸ) ನಿರಾಕರಿಸಿದ್ದನ್ನು ನಾವು ಓದಿದ್ದೇವೆ. ಜನರ ಅನಿವಾರ್ಯತೆಯನ್ನು ಮಾರಾಟಗಾರರು ದುರುಪಯೋಗಪಡಿಸಿಕೊಂಡಾಗ ನ್ಯಾಯಬೆಲೆ ಕಟ್ಟುವುದು ಆಡಳಿತದ ಹೊಣೆಯೆಂದು ಇಬ್ನು ತೈಮಿಯ್ಯ ವಾದಿಸಿದ್ದನ್ನೂ ಓದಿದ್ದೇವೆ. ಬೆಲೆಯ ವಿಷಯದಲ್ಲಿ ಹೀಗೆ ಚರ್ಚೆಗೆ ಅವಕಾಶವಿದೆ. ಆದರೆ ಅಳತೆಯ ವಿಷಯದಲ್ಲಿ ಯಾವ ಭಿನ್ನಮತವೂ ಇಲ್ಲ. ಪೇಟೆಯ ತಕ್ಕಡಿಯನ್ನು ಪರೀಕ್ಷಿಸುತ್ತಿದ್ದ ಮುಹ್ತಸಿಬ್ ಎಂಬ ಅಧಿಕಾರಿ ವೈದ್ಯರ ಮತ್ತು ಔಷಧ ವ್ಯಾಪಾರಿಗಳ ಮೇಲೂ ಕಣ್ಣಿಡುತ್ತಿದ್ದನು.

ನಮ್ಮ ವಾದದ ಸಾರವೂ ಇದೇ ಆಗಿದೆ. ಬೆಲೆಯ ಕಾನೂನು ಮತ್ತು ಗುಣಮಟ್ಟದ ಕಾನೂನು ಬೇರೆ ಬೇರೆ ದಾರಿಯಲ್ಲಿ ಸಾಗಬಾರದು. ಕೇವಲ ದರ ಇಳಿಸಿದರೆ ಏನಾಗುತ್ತದೆ? ಖರ್ಚು ಉಳಿಸಲು ಆಸ್ಪತ್ರೆ ಹಳೆಯ ಟ್ಯೂಬನ್ನೇ ಮುಂದುವರಿಸುತ್ತದೆ. ಒಂದು ದಿನದಲ್ಲಿ ಮುಗಿಯಬೇಕಾದ ಚಿಕಿತ್ಸೆ ಮೂರು ದಿನ ಎಳೆಯುತ್ತದೆ. ಬಿಲ್ಲು ಮೂರು ಪಟ್ಟಾಗುತ್ತದೆ, ಮಗುವಿನ ಅಪಾಯವೂ ಹೆಚ್ಚುತ್ತದೆ. ಇನ್ನು ದರಕ್ಕೆ ಮಿತಿಯಿಲ್ಲದೆ ಗುಣಮಟ್ಟವನ್ನು ಮಾತ್ರ ವಿಧಿಸಿದರೆ ಬಡವನ ಮಗುವಿಗೆ ಬೆಳಕು ದಕ್ಕದು.

ಖಾಸಗಿ ವೈದ್ಯರ ಅಳಲನ್ನೂ ನಾವು ಕೇಳಿಸಿಕೊಳ್ಳಬೇಕು. ಸಣ್ಣ ಪಟ್ಟಣದಲ್ಲಿ ಹಗಲಿರುಳು ದುಡಿಯುವ, ಬಡವರ ಶುಲ್ಕ ಬಿಟ್ಟುಕೊಡುವ ಮಕ್ಕಳ ತಜ್ಞರು ನಮ್ಮ ನಡುವೆ ಇದ್ದಾರೆ. ಮಹಾನಗರದ ದೊಡ್ಡ ಆಸ್ಪತ್ರೆಗೂ ಹತ್ತು ಹಾಸಿಗೆಯ ನರ್ಸಿಂಗ್ ಹೋಮಿಗೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವಲ್ಲ. ದರದಲ್ಲಿ ವ್ಯತ್ಯಾಸವಿರಲಿ. ಆದರೆ ಮಗುವಿನ ಚರ್ಮದ ಮೇಲೆ ಬೀಳುವ ಬೆಳಕಿನಲ್ಲಿ ವ್ಯತ್ಯಾಸ ಸಲ್ಲದು.

ಆದ್ದರಿಂದ ನಾವು ಕೇಳಬೇಕಾದುದು ಸರಳವಾಗಿದೆ. ಆಸ್ಪತ್ರೆಯ ನೋಂದಣಿ ಮತ್ತು ನವೀಕರಣದ ಷರತ್ತಿನಲ್ಲಿಯೇ ಬೆಳಕಿನ ಯಂತ್ರದ ಕಾಲಿಕ ಪರೀಕ್ಷೆಯನ್ನು ಸೇರಿಸಬೇಕು. ಅಳೆದ ದಿನಾಂಕ ಮತ್ತು ಪ್ರಮಾಣವನ್ನು ಯಂತ್ರದ ಮೇಲೆ ಅಂಟಿಸಬೇಕು. ಗಂಟೆಯ ಅಥವಾ ದಿನದ ದರವನ್ನು ದರಪಟ್ಟಿಯಲ್ಲಿ ಕನ್ನಡದಲ್ಲಿ ಬರೆಯಬೇಕು. ನಿಗದಿತ ಬೆಳಕು ನೀಡದ ಯಂತ್ರದ ಗಂಟೆಗಳಿಗೆ ಹಣ ಪಡೆಯುವಂತಿಲ್ಲವೆಂದು ನಿಯಮವಾಗಬೇಕು. ಸರಕಾರಿ ಆಸ್ಪತ್ರೆಗಳೂ ಇದರಿಂದ ಹೊರತಾಗಬಾರದು.

ನಮ್ಮ ಮನೆಯ ಹೊಣೆ

ಕಾನೂನನ್ನು ದೂರುತ್ತಾ ನಾವು ನಮ್ಮ ಲೋಪಗಳನ್ನು ಮರೆಯುವಂತಿಲ್ಲ. ನಲ್ವತ್ತು ದಿನ ಬಾಣಂತಿ ಹೊಸ್ತಿಲು ದಾಟಬಾರದೆಂಬ ರೂಢಿಯಿಂದಾಗಿ ಹಳದಿಯಾದ ಮಗುವನ್ನು ಮನೆಯಲ್ಲಿಯೇ ಇಟ್ಟುಕೊಂಡು ಮದ್ದು ಅರೆದು ಕುಡಿಸುವವರು ಇನ್ನೂ ಇದ್ದಾರೆ. ಬೆಳಗಿನ ಬಿಸಿಲಿಗೆ ಹಿಡಿದರೆ ಸಾಕೆಂಬ ನಂಬಿಕೆಯೂ ಇದೆ. ಏರುತ್ತಿರುವ ಕಾಮಾಲೆಗೆ ಅಂಗಳದ ಬಿಸಿಲು ಚಿಕಿತ್ಸೆಯಲ್ಲ, ಎಳೆಯ ಮೈ ಸುಡುವ ಅಪಾಯವೂ ಅದರಲ್ಲಿದೆ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಹಳದಿ ಹರಡಿದರೆ, ಮಗು ಹಾಲು ಕುಡಿಯದೆ ಮಂಕಾದರೆ, ಕೀರಲು ಧ್ವನಿಯಲ್ಲಿ ಅತ್ತರೆ ಒಂದು ಗಂಟೆಯೂ ಕಾಯಬಾರದು. ಪೆಟ್ಟಿಗೆಯಲ್ಲಿ ನುಸಿಗುಳಿಗೆಯೊಂದಿಗೆ ಇಟ್ಟ ಬಟ್ಟೆಯನ್ನು ಮಗುವಿಗೆ ತೊಡಿಸಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ರಕ್ತಕಣಗಳನ್ನು ಒಡೆದು ಕಾಮಾಲೆಯನ್ನು ತೀವ್ರಗೊಳಿಸುತ್ತದೆ.

ಬಿಲ್ಲಿಗೆ ಹೆದರಿ ಚಿಕಿತ್ಸೆಯ ನಡುವೆಯೇ ಮಗುವನ್ನು ಮನೆಗೆ ಒಯ್ಯುವವರಿಗೂ ಒಂದು ಮಾತು. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆ ಉಚಿತ. ಅದು ದಾನವಲ್ಲ, ನಮ್ಮ ಹಕ್ಕು. ನರ್ಸಿಂಗ್ ಹೋಮಿನಲ್ಲಿದ್ದರೆ, 'ಈ ಯಂತ್ರದ ಬೆಳಕನ್ನು ಕೊನೆಯದಾಗಿ ಯಾವಾಗ ಅಳೆದಿದ್ದೀರಿ?' ಎಂದು ವಿನಯದಿಂದ ಕೇಳಿರಿ. ಜಗಳ ಬೇಡ, ಪ್ರಶ್ನೆ ಸಾಕು. ಹತ್ತು ಮಂದಿ ತಂದೆಯರು ಕೇಳಿದರೆ ಹನ್ನೊಂದನೆಯವನಿಗೆ ಕೇಳುವ ಅಗತ್ಯ ಬರಲಿಕ್ಕಿಲ್ಲ.

ನಮ್ಮ ಜಮಾಅತ್‌ಗಳು ಆಂಬ್ಯುಲೆನ್ಸ್ ಕೊಡುತ್ತವೆ, ಡಯಾಲಿಸಿಸ್‌ಗೆ ನೆರವಾಗುತ್ತವೆ. ಒಳ್ಳೆಯ ಕೆಲಸ. ಮದುವೆ ಮಂಟಪದ ಅಲಂಕಾರಕ್ಕೆ ಸುರಿಯುವ ಹಣದಲ್ಲಿ ಒಂದಂಶವನ್ನು ಉಳಿಸಿ, ಬೆಳಕು ಅಳೆಯುವ ಒಂದು ಮೀಟರನ್ನು ನಮ್ಮ ತಾಲೂಕು ಆಸ್ಪತ್ರೆಗೆ ನೀಡಬಾರದೇಕೆ? ಆ ಮೀಟರಿನಡಿ ಯಾರ ಮಗು, ಯಾವ ಜಾತಿಯ ಮಗು ಎಂಬ ಭೇದವಿರುವುದಿಲ್ಲ.

ಆ ದಾದಿ ಹೊದಿಕೆಯ ಮೂಲೆ ಸರಿಸಿ ನೋಡಿದಳು. ಎಲ್ಲರೂ ನೋಡುತ್ತಿದ್ದುದನ್ನೇ ಆಕೆ ಗಮನವಿಟ್ಟು ನೋಡಿದಳು, ಕಂಡದ್ದನ್ನು ಹೇಳಿದಳು. ನಮ್ಮ ಪಟ್ಟಣದ ಆಸ್ಪತ್ರೆಗಳಲ್ಲಿ ಉರಿಯುತ್ತಿರುವ ನೀಲಿ ದೀಪಗಳನ್ನು ನಾವೂ ಹಾಗೆಯೇ ಗಮನವಿಟ್ಟು ನೋಡಬೇಕಾಗಿದೆ.